ಆಮ್ಲದಲ್ಲೇ ಬಣ್ಣ ಬಿಡುತ್ತಿದ್ದ ಪೆಕ್ಟಿನ್ ಮಣಿಗಳು: ಕೊನೆಗೂ ಕಾರಣ ಸಿಕ್ಕಿತು

ಔಷಧಿಯನ್ನು ಕರುಳಿನವರೆಗೆ ಹೊತ್ತೊಯ್ಯುವ ಮಣಿಗಳ ಮಾದರಿಯನ್ನು ನಾನು ತಯಾರಿಸುತ್ತಿದ್ದೇನೆ. ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಿಂದ ತಂದ ಅಗಸೆಯ ಲೋಳೆಯನ್ನು, ಕ್ಯಾಲ್ಸಿಯಂ ಸೇರಿದಾಗ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುವ ಕಡಿಮೆ ಮೆಥಾಕ್ಸಿಲ್ ಪೆಕ್ಟಿನ್‌ಗೆ ಬೆರೆಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಸಿ ಮಣಿ ಕಟ್ಟುವ ಹಂತವನ್ನು ಇಲ್ಲಿ ವಿವರಿಸುವುದಿಲ್ಲ. ತಲೆ ತಿಂದದ್ದು ಮಣಿಯೊಳಗಿನ ಸರಕು. ಜಠರದಂತಹ ಪಿಎಚ್ 1.2ರ ಆಮ್ಲದಲ್ಲಿ ಅದನ್ನು ಹಿಡಿದಿಟ್ಟು, ಕರುಳಿನಂತಹ ಪಿಎಚ್ 6.8ರಲ್ಲೇ ಸ್ಥಿರವಾಗಿ ನಿಲ್ಲುವ ಫಾಸ್ಫೇಟ್ ಬಫರ್‌ನಲ್ಲಿ ಬಿಡಬೇಕಾದ ಮಣಿ ನೇರವಾಗಿ ಉಲ್ಟಾ ನಡೆದುಕೊಳ್ಳುತ್ತಿತ್ತು.

ಔಷಧಿಯ ಬದಲು ನಾನು ಬಳಸುವುದು ಬಣ್ಣವನ್ನು. ಈ ಮಣಿಗಳನ್ನು ಯಾರೂ ನುಂಗುವುದಿಲ್ಲ. ಜಿಲೇಬಿ ಬಣ್ಣ ಕ್ಯಾಲ್ಸಿಯಂ ದ್ರಾವಣದಲ್ಲೇ ಸೋರಿಹೋಯಿತು, ಏಕೆಂದರೆ ಅದರ ಅಣು ಚಿಕ್ಕದು ಮತ್ತು ಪೆಕ್ಟಿನ್ನಿನಂತೆ ಅದೂ ಋಣ ವಿದ್ಯುದಂಶದ್ದು. ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಧನ ವಿದ್ಯುದಂಶದ್ದಾದ್ದರಿಂದ ಪೆಕ್ಟಿನ್ನಿನ ಋಣ ವಿದ್ಯುದಂಶದ ಕಾರ್ಬಾಕ್ಸಿಲೇಟ್ ಗುಂಪುಗಳಿಗೆ ಅಂಟಿ ಕುಳಿತಿತು. ಆದರೆ ಆಮ್ಲಕ್ಕೆ ಹಾಕಿದೊಡನೆ ಮಣಿ ಕುಗ್ಗಿ ಗಟ್ಟಿಯಾಗುತ್ತಿದ್ದರೂ ಅದರ ಸುತ್ತ ನೀಲಿ ಹೊಗೆಯಂತೆ ಹರಡತೊಡಗಿತು. ವರ್ನಿಯರ್‌ನಲ್ಲಿ ವ್ಯಾಸ ಅಳೆದಾಗ ಬಲೆಯ ತಪ್ಪೇನೂ ಕಾಣಲಿಲ್ಲ, ಅದು ಕುಗ್ಗಬೇಕಾದಂತೆಯೇ ಕುಗ್ಗಿತ್ತು. ಆಮ್ಲದ ಹೈಡ್ರೋಜನ್ ಅಯಾನುಗಳು ಕಾರ್ಬಾಕ್ಸಿಲೇಟಿಗೆ ಸೇರಿ ಅದರ ಋಣವನ್ನು ಕಳೆದಾಗ ನೀಲಿಯನ್ನು ಹಿಡಿದಿದ್ದ ಕೈಯೇ ಸಡಿಲಾಗುತ್ತಿತ್ತು. ಬಲೆಯ ಕಣ್ಣು ದೊಡ್ಡದಾಯಿತೆಂದು ಇಷ್ಟು ದಿನ ಬೈದದ್ದು ವ್ಯರ್ಥ.

ಈ ನಡುವೆ ಆನ್‌ಲೈನಿನಲ್ಲಿ ತರಿಸಿದ ಕ್ಯಾಲ್ಸಿಯಂ ಕ್ಲೋರೈಡ್ ಹರಿದ ಪೊಟ್ಟಣದಲ್ಲಿ ಮಳೆಗಾಲದ ತೇವವನ್ನೆಲ್ಲ ಕುಡಿದು ಮುದ್ದೆಯಾಗಿ ಬಂತು. ಮಾರಿದವರು ಇದು ಈ ವಸ್ತುವಿನ ಗುಣವೆಂದು ನನಗೇ ಪಾಠ ಹೇಳಿದರು. ಗುಣ ಗೊತ್ತಿದ್ದವರು ಪೊಟ್ಟಣವನ್ನು ಏಕೆ ಸರಿಯಾಗಿ ಮುಚ್ಚಲಿಲ್ಲವೋ ತಿಳಿಯದು.

ಕೊನೆಗೆ ಕೆಲಸ ಮಾಡಿದ್ದು ಅರಿಶಿನ. ಆಲ್ಕೋಹಾಲಿನಲ್ಲಿ ಕರಗಿಸಿ ಬೆರೆಸಿದ ಅದರ ಹಳದಿ ವಸ್ತು ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಅಪರೂಪ, ಹೀಗಾಗಿ ಆಮ್ಲದ ಗ್ಲಾಸು ತಿಳಿಯಾಗಿಯೇ ಉಳಿಯಿತು. ಬಫರ್‌ನಲ್ಲಿ ಫಾಸ್ಫೇಟ್ ಕ್ಯಾಲ್ಸಿಯಮ್ಮನ್ನು ಕಸಿದುಕೊಂಡಂತೆ ಮಣಿ ಉಬ್ಬಿ, ಅಂಚು ಲೋಳೆಯಾಗಿ ಹರಿದು, ಹಳದಿ ಹೊರಬಂತು. ಆದರೆ ತಟಸ್ಥ ಪಿಎಚ್‌ಗೆ ಸಮೀಪಿಸಿದಂತೆ ಕರ್ಕ್ಯುಮಿನ್ ತಾನೇ ಒಡೆಯುವುದರಿಂದ, ಫೋಟೋ ತೆಗೆದು ಬಣ್ಣ ಅಳೆಯುವುದನ್ನು ಬೇಗ ಮುಗಿಸಬೇಕು.

ಮುಂದಿನದು ಚವಳಿಕಾಯಿ ಬೀಜದ ಗೋಂದು, ಅಂದರೆ ಗೌರ್. ಅದು ಜಠರ ಹಾಗೂ ಸಣ್ಣ ಕರುಳನ್ನು ದಾಟಿ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಂದ ಒಡೆಯುವಂಥದ್ದು. ಕ್ಯಾಲ್ಸಿಯಂ ಅದನ್ನು ಕಟ್ಟಲಾರದು; ಬೋರಾಕ್ಸ್ (ಬಿಳಿಗಾರ) ಕಟ್ಟುತ್ತದೆ, ಆದರೆ ನುಂಗುವ ವಸ್ತುವಿನ ಮಾದರಿಗೆ ಅದು ಬೇಡ. ಆದ್ದರಿಂದ ಪೆಕ್ಟಿನ್ನಿನ ಬಲೆಯೊಳಗೇ ಗೌರನ್ನು ಸಿಕ್ಕಿಸುವ ಯೋಚನೆಯಿದೆ. ಗೋಂದಿನ ವ್ಯಾಪಾರಿ ಮಾತ್ರ ಅರ್ಧ ಕಿಲೋ ಕೇಳಿದರೆ ನಗುತ್ತಾರೆ, ಇಡೀ ಚೀಲದ ದರ ಹೇಳುತ್ತಾರೆ.