ಮಾವನನ್ನು ತೆಗೆದು ಓದಿ

ಮಡಿಕೇರಿ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ. ಎರಡೇ ಕೋಣೆ, ಸುತ್ತ ಕಾಫಿ ತೋಟ. ಜುಲೈ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ. ಹಾಗಾಗಿ ಕೋಣೆಯಲ್ಲಿ ಅಂಟಿಸಲು ಒಂದು ಚೀಟಿ ಬರೆದೆ: 'ಪ್ಲೀಸ್ ಕಾಲ್ ಮೈ ಹಸ್ಬೆಂಡ್ ಆರ್ ಐ.'

ಮನೆಗೆ ಬಂದಿದ್ದ ನಾದಿನಿಯ ಮಗಳು ಓದಿ ನಕ್ಕಳು. "ಅತ್ತೆ, ಇಲ್ಲಿ ಮೀ ಬರಬೇಕು."

ನನಗೆ ಕೋಪವೇ ಬಂತು. ಶಾಲೆಯಲ್ಲಿ 'ಮೀ ಅಂಡ್ ಮೈ ಸಿಸ್ಟರ್ ವೆಂಟ್' ಎಂದು ಬರೆದು ಬೆತ್ತದ ರುಚಿ ನೋಡಿದವಳು ನಾನು. ಅಂದಿನಿಂದ ಮೀ ಅಂದರೆ ಓದದವರ ಮಾತು, ಐ ಅಂದರೆ ಮರ್ಯಾದೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಮೇಷ್ಟ್ರು ಕಾರಣ ಹೇಳಿರಲಿಲ್ಲ, ಸುಮ್ನೆ ಕೆಂಪು ಗೀಟು ಎಳೆದಿದ್ದರು.

"ಮಾವನನ್ನು ತೆಗೆದು ಓದಿ ಅತ್ತೆ."

'ಪ್ಲೀಸ್ ಕಾಲ್ ಐ.' ನನಗೇ ನಗು ಬಂತು.

"ನನ್ನನ್ನು ಎಲ್ಲಿಂದ ತೆಗೀತಿದ್ದೀರಿ?" ಒಳಗಿಂದ ಯಜಮಾನರ ದನಿ.

ಹಳೆಯ ವಾಕ್ಯದಿಂದ ತಂಗಿಯನ್ನೂ ತೆಗೆದು ನೋಡಿದೆ. 'ಮೀ ವೆಂಟ್.' ಅಂದರೆ ಮೇಷ್ಟ್ರು ಹೇಳಿದ್ದು ಸರಿಯೇ. ಬೆತ್ತ ಮಾತ್ರ ಜಾಸ್ತಿಯಾಯಿತು.

ಕನ್ನಡದಲ್ಲಿ ನಮಗೆ ಈ ಗೊಂದಲ ಇಲ್ಲ. "ಯಜಮಾನರಿಗೆ ಇಲ್ಲವೇ ನಾನು ಫೋನ್ ಮಾಡಿ" ಎಂದು ಯಾರಾದರೂ ಹೇಳುತ್ತಾರಾ? ಹಾಗಂತ ಕನ್ನಡವನ್ನೇ ನಂಬಿದರೂ ಕಷ್ಟ. 'ನನಗೆ ಗೊತ್ತು', 'ನನಗೆ ಹಸಿವು' ಅನ್ನುತ್ತೇವೆ. ಅಲ್ಲಿ ಇಂಗ್ಲಿಷಿಗೆ ಐ ಬೇಕು: 'ಐ ನೋ', 'ಐ ಆಮ್ ಹಂಗ್ರಿ'. ಇನ್ನು 'ವಿತ್', 'ಫಾರ್', 'ಬಿಟ್ವೀನ್' ಬಂದರೆ ಹಿಂದೆಯೇ ಮೀ. 'ಬಿಟ್ವೀನ್ ಯು ಅಂಡ್ ಐ' ಎಂದು ದೊಡ್ಡ ದೊಡ್ಡವರೇ ಹೇಳುತ್ತಾರಂತೆ. 1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಒಂದು ಪತ್ರದಲ್ಲೂ ಹಾಗೇ ಇದೆ ಎಂದಳು. ಅವನ ಕೈಗೆ ಯಾರೂ ಹೊಡೆಯಲಿಲ್ಲ ಅನಿಸುತ್ತದೆ.

ಚೀಟಿ ತಿದ್ದಿ ಅಂಟಿಸಿದ್ದಾಯಿತು. ಆ ರಾತ್ರಿ ಕರೆಂಟೂ ಹೋಯಿತು, ನೆಟ್‌ವರ್ಕೂ ಹೋಯಿತು. ಯಾರೋ ಅಡುಗೆಮನೆ ಬಾಗಿಲು ತಟ್ಟಿದರು.

"ಹೂ ಈಸ್ ಇಟ್?" ಎಂದೆ.

"ಇಟ್ಸ್ ಮೀ!"

ನಾವಾದರೆ "ನಾನು" ಅನ್ನುತ್ತೇವೆ, ಅಲ್ವಾ? ನಾದಿನಿಯ ಮಗಳ ಮುಖ ನೋಡಿದೆ.

"ಹಳೇ ವ್ಯಾಕರಣದಲ್ಲಿ ಇಟ್ ಈಸ್ ಐ ಅತ್ತೆ. ಆದರೆ ಈಗ ಹಾಗೆ ಮಾತಾಡುವವರು ಕಡಿಮೆ..."

"ಪಾಠ ಆಮೇಲೆ ಮಾಡಿ," ಎಂದರು ಯಜಮಾನರು, "ಮೊದಲು ಅವರಿಗೊಂದು ಮೊಂಬತ್ತಿ ಕೊಡಿ."