ಸತ್ತ ಅಲೆ 67ಕ್ಕೆ ಎದ್ದು ಬಂತು

ಇದು ಜುಲೈ ತಿಂಗಳ ಲೆಕ್ಕ. ತೀರ್ಥಹಳ್ಳಿಯಲ್ಲಿ ಮಳೆ ಹೊಳವಾದ ದಿನ ಅಡಿಕೆಗೆ ಔಷಧಿ ಹೊಡೆಸುವ ಕೆಲಸ. ಮಳೆ ಹಿಡಿದ ದಿನ ಕಂಪ್ಯೂಟರಿನಲ್ಲಿ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಓಡಾಡುವ ಅನಿಲ.

ಭೌತವಿಜ್ಞಾನಿ ಲ್ಯಾಂಡೌ 1946ರಲ್ಲಿ ಬರೀ ಗಣಿತದಿಂದ ಹೇಳಿದ್ದನ್ನು ನನ್ನ ಕೋಡಿನಲ್ಲಿ ಕಣ್ಣಾರೆ ನೋಡಬೇಕು, ಅಷ್ಟೇ ಆಸೆ. ಬಿಸಿ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಡಿಕ್ಕಿ ಹೊಡೆಯದೇ ಇದ್ದರೂ ಅವುಗಳ ದಟ್ಟಣೆಯ ಏರಿಳಿತದ ಅಲೆ ತಾನಾಗಿ ಕುಗ್ಗುತ್ತದೆ. ಅಲೆಯ ಜೊತೆಜೊತೆಗೆ ಓಡುವ ಕಣಗಳು ಅದರ ಶಕ್ತಿಯನ್ನು ಎಳೆದುಕೊಳ್ಳುತ್ತವೆ.

ಮೊದಲು ಒಂದೊಂದು ಕಣವನ್ನೂ ಹಿಂಬಾಲಿಸುವ ಪಾರ್ಟಿಕಲ್ ಇನ್ ಸೆಲ್ ವಿಧಾನದಲ್ಲಿ 1 ಲಕ್ಷ ಕಣ ಓಡಿಸಿದೆ. ಅಲೆಯ ಎತ್ತರ ಸರಾಸರಿ ದಟ್ಟಣೆಯ ಶೇ 1, ಕಣಗಳ ಗದ್ದಲವೇ ಸುಮಾರು ಶೇ 0.3. ಸ್ವಲ್ಪ ಕುಗ್ಗಿದ ಕೂಡಲೇ ಅಲೆ ಗದ್ದಲದಲ್ಲಿ ಮುಳುಗಿತು. ಗದ್ದಲ ಹತ್ತು ಪಟ್ಟು ಇಳಿಯಲು ಕಣಗಳು ನೂರು ಪಟ್ಟು ಜಾಸ್ತಿ ಬೇಕು, ಅಂದರೆ 1 ಕೋಟಿ. ಆ ದಾರಿ ಬಿಟ್ಟೆ.

ಎರಡನೇ ವಾರ ವ್ಲಾಸೊವ್ ಸಮೀಕರಣವನ್ನೇ ಗ್ರಿಡ್ (ಚೌಕಮನೆಗಳ ಜಾಲ) ಮೇಲೆ ಇಟ್ಟೆ. ಯಾವ ಜಾಗದಲ್ಲಿ, ಯಾವ ವೇಗದಲ್ಲಿ ಎಷ್ಟು ಕಣಗಳಿವೆ, ಅದು ಹೇಗೆ ಬದಲಾಗುತ್ತದೆ ಅಂತ ಹೇಳುವ ಸಮೀಕರಣ ಅದು. ಚೆಂಗ್ ಮತ್ತು ನಾರ್ 1976ರಲ್ಲಿ ಕೊಟ್ಟ ವಿಧಾನ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅರ್ಧ ಹೆಜ್ಜೆ ಜಾಗದಲ್ಲಿ ಸರಿಸಿ, ವಿದ್ಯುತ್ ಕ್ಷೇತ್ರ ಲೆಕ್ಕ ಹಾಕಿ, ಒಂದು ಹೆಜ್ಜೆ ವೇಗದಲ್ಲಿ ಸರಿಸಿ, ಮತ್ತೆ ಅರ್ಧ ಹೆಜ್ಜೆ ಜಾಗದಲ್ಲಿ. ಅಲೆಯುದ್ದ 12.57 ಡಿಬೈ ಉದ್ದ (ಪ್ಲಾಸ್ಮಾದಲ್ಲಿ ಒಂದು ವಿದ್ಯುದಂಶದ ಪ್ರಭಾವ ಮರೆಯಾಗುವ ದೂರವೇ ಡಿಬೈ ಉದ್ದ). ಎಲೆಕ್ಟ್ರಾನುಗಳ ಉಷ್ಣ ವೇಗವನ್ನು 1 ಅಂತ ಹಿಡಿದರೆ, ವೇಗ −6ರಿಂದ 6ರವರೆಗೆ, 64 ಮನೆ. ಕುಗ್ಗುವ ದರ 0.153 ಬಂತು. ಸಿದ್ಧಾಂತ ಹೇಳುವುದು 0.1533! ಆ ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಕಾಲ 67ರ ಹತ್ತಿರ ಸತ್ತ ಅಲೆ ಎದ್ದು ಬಂತು (ಉಷ್ಣ ವೇಗದ ಕಣ ಒಂದು ಡಿಬೈ ಉದ್ದ ದಾಟುವ ಹೊತ್ತು ಇಲ್ಲಿ ಕಾಲ 1). ಮೂರು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಇರಲಿಲ್ಲ.

ಮೈದಾನದ ಸುತ್ತ ಮಕ್ಕಳು ಗಂಟೆಗೆ 1, 2, 3 ಸುತ್ತಿನ ವೇಗದಲ್ಲಿ ಓಡುತ್ತಿದ್ದಾರೆ ಅಂದುಕೊಳ್ಳಿ. ಮೊದಲು ಚದುರುತ್ತಾರೆ. ಸರಿಯಾಗಿ ಒಂದು ಗಂಟೆಗೆ ಎಲ್ಲರೂ ಹೊರಟ ಗೆರೆಯಲ್ಲೇ ಸಿಗುತ್ತಾರೆ, ಅಲ್ವಾ? ನನ್ನ ಗ್ರಿಡ್‌ನಲ್ಲೂ ವೇಗಗಳು 0.1875ರ ಮೆಟ್ಟಿಲಲ್ಲಿ ಕೂತಿವೆ. 12.57 ಭಾಗಿಸು 0.1875, ಉತ್ತರ 67. ಮನೆಗಳನ್ನು 128 ಮಾಡಿದೆ, ಅಲೆ 134ಕ್ಕೆ ಎದ್ದಿತು. ಅಂದರೆ ಅಲೆ ಅಳಿದಿರಲಿಲ್ಲ. ವೇಗದ ದಿಕ್ಕಿನಲ್ಲಿ ಸಣ್ಣ ಸಣ್ಣ ಎಳೆಗಳಾಗಿ ಅಡಗಿತ್ತು. ನಿಜವಾದ ಪ್ಲಾಸ್ಮಾದಲ್ಲಿ ವೇಗಕ್ಕೆ ಮೆಟ್ಟಿಲಿಲ್ಲ, ಹಾಗಾಗಿ ಸುಮ್ನೆ ಬಿಟ್ಟರೆ ಅದು ಹೀಗೆ ವಾಪಸ್ ಬರುವುದಿಲ್ಲ.

ಮುಂದಿನ ಮಳೆ ದಿನಕ್ಕೆ ಎತ್ತರವನ್ನು ಶೇ 50ಕ್ಕೆ ಏರಿಸುತ್ತೇನೆ. ಆಗ ಕಣಗಳು ಅಲೆಯ ಗುಂಡಿಯಲ್ಲೇ ಸಿಕ್ಕಿಕೊಳ್ಳುತ್ತವೆ. ಅಲೆ ಕುಗ್ಗಿ, ಕಾಲ 20 ದಾಟುವ ಹೊತ್ತಿಗೆ ಮತ್ತೆ ಬೆಳೆಯಬೇಕು. ಆ ಬೆಳವಣಿಗೆ ಗ್ರಿಡ್‌ನದ್ದಲ್ಲ, ಪ್ಲಾಸ್ಮಾದ್ದೇ.