ಮಳೆ ಯಾವಾಗ ಬರ್ತದೆ? ಎಲ್ಲರಿಗೂ ಸೇರಿಸಿ ಒಂದೇ ಉತ್ತರ

ಮೇ ತಿಂಗಳು ಅರ್ಧ ದಾಟಿತೆಂದರೆ ಪ್ರಶ್ನೆ ಶುರು. "ಈ ಸಲ ಮಳೆ ಯಾವಾಗ ಮಾರಾಯ್ರೆ? ಇರುವೆ ಮೊಟ್ಟೆ ಹೊತ್ತುಕೊಂಡು ಹೋಗ್ತಾ ಉಂಟು, ಇನ್ನೆರಡು ದಿನದಲ್ಲಿ ಹಿಡೀತದಾ?" ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದವರು ಕೇಳುವುದೂ ಹೀಗೆ, ಬೆಂಗಳೂರಿನಲ್ಲಿ ಕೂತು ಊರಿನ ತೋಟಕ್ಕೆ ಆಳು ಗೊತ್ತುಮಾಡುವವರು ಕೇಳುವುದೂ ಹೀಗೆ. ಇರುವೆಗೆ ಅಷ್ಟೆಲ್ಲ ಗೊತ್ತಿದ್ದರೆ ಇರುವೆಯನ್ನೇ ಕೇಳಿ, ನನ್ನನ್ನು ಬಿಡಿ.

ಗೂಡಿಗೆ ಬಿಸಿ ತಟ್ಟಿದರೂ ಇರುವೆ ಮೊಟ್ಟೆ ಸಾಗಿಸುತ್ತದೆ, ಯಾರೋ ಪಕ್ಕದಲ್ಲಿ ಹಾರೆ ಹಾಕಿದರೂ ಸಾಗಿಸುತ್ತದೆ. ದೀಪಕ್ಕೆ ಮುತ್ತುವ ಗೆದ್ದಲಿನ ಹಾತೆ ಏಳುವುದು ಮಣ್ಣು ಒಮ್ಮೆ ಚೆನ್ನಾಗಿ ನೆನೆದ ಮೇಲೆ. ಅಣಬೆಯೂ ಹಾಗೆಯೇ. ದೊಡ್ಡ ಕಪ್ಪೆ ಹಳದಿಯಾಗಿ ಕೂಗುವ ಹೊತ್ತಿಗೆ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಇವೆಲ್ಲ ಬಂದುಹೋದ ಮಳೆಯ ಸುದ್ದಿ ಹೇಳುತ್ತವೆ, ನೀವು ಅದನ್ನು ಬರುವ ಮಳೆಯ ಸುದ್ದಿ ಎಂದು ಓದುತ್ತೀರಿ. ಕಕ್ಕೆ ಅರಳಿ ನಲವತ್ತೈದು ದಿನಕ್ಕೆ ಮಳೆ ಎನ್ನುವ ಲೆಕ್ಕವೂ ಉಂಟು. ಕಕ್ಕೆ ಅರಳುವುದು ಒಣಹವೆಗೆ, ಬಿಸಿಲಿಗೆ. ಏಪ್ರಿಲಿನ ಬಿಸು ಹಬ್ಬದ ಕಣಿಗೆ ಇಡಲು ಹೂವೇ ಉಳಿಯದಷ್ಟು ಬೇಗ ಅರಳಿ ಉದುರಿದ ವರ್ಷ ಆ ಲೆಕ್ಕ ಎಲ್ಲಿಗೆ ಹೋಗುತ್ತದೆ? ಚಾತಕ ಪಕ್ಷಿಯ ಮಾತಂತೂ ಬೇಡ. ಮುಂಗಾರಿನ ಜೊತೆ ಆಫ್ರಿಕದಿಂದ ಬರುವ ಚಾತಕ ಉತ್ತರದವರದ್ದು, ದಕ್ಷಿಣದಲ್ಲಿ ವರ್ಷವಿಡೀ ಇಲ್ಲೇ ಇರುವ ಚಾತಕಗಳೂ ಇವೆ.

ನೋಡಲೇಬೇಕೆಂದಿದ್ದರೆ ಗಾಳಿ ನೋಡಿ. ಬೇಸಗೆ ಮಳೆ ಮೂಡಣದ್ದು. ಮಧ್ಯಾಹ್ನ ಕಳೆದ ಮೇಲೆ ಘಟ್ಟದ ಕಡೆ ಮೋಡ ಕಟ್ಟುತ್ತದೆ, ಸಂಜೆ ಗುಡುಗು ಸಿಡಿಲಿನೊಂದಿಗೆ ಒಂದು ಗಂಟೆ ಹೊಡೆದು ಬಿಡುತ್ತದೆ, ಮರುದಿನ ಬೆಳಗ್ಗೆ ಕಣ್ಣು ಚುಚ್ಚುವ ಬಿಸಿಲು. ಮಳೆಗಾಲ ಹಿಡಿಯುವಾಗ ಇದು ತಿರುಗುತ್ತದೆ. ಮೋಡ ಪಡುವಣದಿಂದ, ಕಡಲಿನಿಂದ. ಗುಡುಗು ಕಡಿಮೆ. ಮಳೆಗೆ ಸಂಜೆಯ ಹಂಗಿಲ್ಲ, ನಡುರಾತ್ರಿ ಬಂದೀತು, ಬೆಳಗ್ಗೆ ಆರಕ್ಕೂ ಬಂದೀತು. ತೆಂಗಿನ ಗರಿ ದಿನವಿಡೀ ಮೂಡಣಕ್ಕೇ ವಾಲಿಕೊಂಡಿದ್ದು, ರಾತ್ರಿಯೂ ಗಾಳಿ ನಿಲ್ಲದಿದ್ದರೆ ಕಟ್ಟಿಗೆ ಒಳಗೆ ಹಾಕಿ.

ಹವಾಮಾನ ಇಲಾಖೆ ನೋಡುವುದೂ ಹೆಚ್ಚುಕಡಿಮೆ ಇದನ್ನೇ. ಕೇರಳಕ್ಕೆ ಮುಂಗಾರಿನ ವಾಡಿಕೆಯ ದಿನ ಜೂನ್ 1. ಮೇ 10ರ ನಂತರ, ಗೊತ್ತುಪಡಿಸಿದ 14 ಕೇಂದ್ರಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆಯಾಗಬೇಕು, ಜೊತೆಗೆ ಪಡುವಣ ಗಾಳಿಗೆ ಸಾಕಷ್ಟು ಎತ್ತರದವರೆಗೂ ಬಲ ಇರಬೇಕು. ಲಕ್ಷದ್ವೀಪದ ಮಿನಿಕಾಯಿಯಿಂದ ಮಂಗಳೂರಿನವರೆಗಿನ ಆ ಪಟ್ಟಿಯಲ್ಲಿ ಕಾಸರಗೋಡಿನ ನಮ್ಮ ಕೂಡ್ಲು ಕೂಡ ಒಂದು. ಇರುವೆಗಿಂತ ಇದು ವಾಸಿ.

ನಿಜಕ್ಕೂ ನೀವು ಕೇಳಬೇಕಾದದ್ದು ಅಡಕೆಗೆ ಕೊಳೆರೋಗದ ಮದ್ದು ಯಾವಾಗ ಬಿಡುವುದು, ಅಂದರೆ ಸಿಂಪಡಿಸುವುದು ಎಂದು. ಅದಕ್ಕೆ ಉತ್ತರ ಉಂಟು. ಎರಡು ಮೂರು ಬೇಸಗೆ ಮಳೆಯಾದ ಮೇಲೆ, ಪಡುವಣ ಗಾಳಿ ಕೂರುವ ಮೊದಲು, ಗೊನೆ ಒಣಗಿದ್ದಾಗ. ಮೈಲುತುತ್ತು 1 ಕಿಲೋ 50 ಲೀಟರ್ ನೀರಿನಲ್ಲಿ, ಸುಣ್ಣ 1 ಕಿಲೋ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ. ಮಸೆದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೆಯೇ ಬಿಟ್ಟರೆ ಎಳೆಕಾಯಿ ಸುಡುತ್ತದೆ. ಕಲಸಿದ್ದು ಅವತ್ತೇ ಮುಗಿಯಬೇಕು. ಎರಡನೆಯ ಸಲ 40-45 ದಿನ ಬಿಟ್ಟು. ಆಟಿಯಲ್ಲಿ (ಜುಲೈ-ಆಗಸ್ಟ್) ಎರಡು ದಿನ ಬಿಸಿಲು ಬಂತೆಂದು ಸಂಭ್ರಮಿಸಬೇಡಿ; ಮಳೆ, ಬಿಸಿಲು, ಮತ್ತೆ ಮಳೆ ಎನ್ನುವ ಹವೆಯಲ್ಲೇ ಕೊಳೆರೋಗ ಹಬ್ಬುವುದು. ತೊಟ್ಟಿನ ಬಳಿ ನೀರು ನೆನೆದಂಥ ಕಡುಹಸಿರು ಕಲೆ ಕಂಡಿತೋ, ಬಿಡುವು ಸಿಕ್ಕಿದ ಗಳಿಗೆಯಲ್ಲೇ ಮದ್ದು ಬಿಡಿ.

ಇನ್ನೊಂದನ್ನು ಯಾರೂ ಕೇಳುವುದೇ ಇಲ್ಲ: ಮಳೆಗಾಲ ಹೋದದ್ದು ಹೇಗೆ ಗೊತ್ತಾಗುತ್ತದೆ? ಬರುವುದಕ್ಕಿಂತ ಹೋಗುವುದನ್ನು ಹಿಡಿಯುವುದು ಕಷ್ಟ, ಅಲ್ಲಿ ಗಿಡ ಪ್ರಾಣಿಗಳ ಮಾತಿಗೂ ಸ್ವಲ್ಪ ಬೆಲೆ ಉಂಟು. ಸೆಪ್ಟೆಂಬರಿನಲ್ಲಿ ತೋಡಿನ ಬದಿಗೆ ಬಾಲ ಕುಣಿಸುತ್ತಾ ಬೂದು ಸಿಪಿಲೆ ಹಕ್ಕಿ ಬರುತ್ತದೆ. ಅದು ಹಿಮಾಲಯದ ಕಡೆಯಿಂದ ತನ್ನ ಲೆಕ್ಕದಲ್ಲಿ ಹೊರಟದ್ದು, ಅದನ್ನು ನೋಡಿ ಅಂಗಳದಲ್ಲಿ ಅಡಕೆ ಹರವಿದರೆ ಕೆಟ್ಟಿರಿ. ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ ಅಂಗಳದ ಮೇಲೆ ಸುತ್ತುವುದು ಹೆಚ್ಚು ನಂಬಿಕಸ್ತ. ಮುರಕಲ್ಲಿನ (ಕೆಂಪುಕಲ್ಲಿನ) ಪಾರೆಯ ಮೇಲಿನ ನೀಲಿ ಹೂ ಕಂದಿ, ಗುಂಡಿಗಳ ನೀರು ಆರಿತೆಂದರೆ ಮೇಲ್ಪದರ ಒಣಗಿತೆಂದು ಅರ್ಥ. ಆಮೇಲೆ ತುಲಾಮಳೆ, ಅಂದರೆ ಅಕ್ಟೋಬರ್-ನವೆಂಬರಿನ ಹಿಂಗಾರು; ಮತ್ತೆ ಸಂಜೆ, ಮತ್ತೆ ಮೂಡಣದ ಗುಡುಗು. ಹಾಲೆ ಮರ ಹೂಬಿಟ್ಟು ರಾತ್ರಿಯೆಲ್ಲ ತಲೆನೋಯುವಷ್ಟು ಪರಿಮಳ ಬರುವ ಹೊತ್ತಿಗೆ ಅದೂ ಇಳಿಮುಖ.

ಚಾಲಿಗೆ, ಅಂದರೆ ಬಿಸಿಲಿಗೆ ಒಣಗಿಸುವ ಅಡಕೆಗೆ, ಅಂಗಳ ಮಾಡುವುದು ಅದರ ನಂತರ. ಹಣ್ಣಡಕೆ ಒಣಗಲು 35ರಿಂದ 40 ದಿನ ಬಿಸಿಲು ಬೇಕು, ನಡುವೆ ನೆನೆದರೆ ಬೂಸಲು ಹಿಡಿದು ಧಾರಣೆ ಬೀಳುತ್ತದೆ. ತೋಟಕ್ಕೆ ನೀರು ಬಿಡುವುದೂ ಕೊನೆಯ ತುಲಾಮಳೆಯಿಂದ ಲೆಕ್ಕ: ಮರಕ್ಕೆ 175 ಲೀಟರಿನಂತೆ ನವೆಂಬರ್, ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ, ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ ಮೂರರಿಂದ ಐದು ದಿನಕ್ಕೊಮ್ಮೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ ನಂಬಿದವರು ಒರತೆಯ ದಾರ ಎಷ್ಟು ದಪ್ಪ ಉಂಟೆಂದು ನವೆಂಬರಿನಲ್ಲೇ ನೋಡಿಡಿ. ಏಪ್ರಿಲಿಗೆ ಎಷ್ಟು ಮರಕ್ಕೆ ನೀರು ಸಿಗುತ್ತದೆಂಬ ಅಂದಾಜು ಅಲ್ಲೇ ಸಿಗುತ್ತದೆ.